ಪರೀಕ್ಷೆಯ ಅಂಕವೂ ವಿಶ್ವವಿದ್ಯಾನಿಲಯದ ಬಾಗಿಲೂ

(ಸಂಘದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಈ ಶುಭ ಸಂದರ್ಭದಲ್ಲಿ ನಾಡುನುಡಿಗಳ ಹಿರಿಮೆಯನ್ನು ಹೇಳಬಲ್ಲವರು ಅನೇಕರಿದ್ದಾರೆ. ನಾವು ನಮ್ಮ ಮನೆಯೊಳಗಿನ ಒಂದು ಚಿಂತೆಯನ್ನು ಕುರಿತು ನಾಲ್ಕು ಮಾತು ಆಡಬಯಸುತ್ತೇವೆ. ನಮ್ಮಲ್ಲಿ ಕೆಲವರ ಮಕ್ಕಳು ಈಗ ಅಂತರರಾಷ್ಟ್ರೀಯ ಶಾಲೆಗಳಲ್ಲಿ ಓದುತ್ತಿದ್ದಾರೆ. ಹೊಟ್ಟೆಬಟ್ಟೆ ಕಟ್ಟಿ ಶುಲ್ಕ ತೆರುತ್ತೇವೆ. ಆದರೆ ಅಲ್ಲಿಯ ಅಂಕ ಹೇಗೆ ಹುಟ್ಟುತ್ತದೆ, ಅದು ಯಾವ ಬಾಗಿಲನ್ನು ತೆರೆಯುತ್ತದೆ ಎಂಬುದನ್ನು ಫಲಿತಾಂಶ ಬರುವವರೆಗೂ ವಿಚಾರಿಸುವುದಿಲ್ಲ.

ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್ ಎಂಬ ಪದ್ಧತಿಯನ್ನೇ ತೆಗೆದುಕೊಳ್ಳೋಣ. ಅದು 1968ರಲ್ಲಿ ಜಿನೀವಾದಲ್ಲಿ ಆರಂಭವಾಯಿತು. ತಂದೆತಾಯಿಗಳ ಉದ್ಯೋಗನಿಮಿತ್ತ ದೇಶದಿಂದ ದೇಶಕ್ಕೆ ಅಲೆಯುವ ಮಕ್ಕಳಿಗೆ ಎಲ್ಲೆಡೆಯೂ ಸಲ್ಲುವ ಒಂದು ಪ್ರಮಾಣಪತ್ರ ಬೇಕೆಂಬುದು ಅದರ ಉದ್ದೇಶಗಳಲ್ಲೊಂದು. ಊರು ಬಿಟ್ಟು ಬಂದ ನಮಗೆ ಆ ಅಗತ್ಯವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆರು ವಿಷಯಗಳು, ಒಂದೊಂದಕ್ಕೂ ಗರಿಷ್ಠ 7 ಅಂಕ, ಒಂದು ದೀರ್ಘ ಪ್ರಬಂಧ ಮತ್ತು ಜ್ಞಾನವಿಚಾರದ ಪಾಠ ಇವೆರಡಕ್ಕೂ ಸೇರಿ 3, ಒಟ್ಟು 45. ಉಳಿದ ನಿಯಮಗಳನ್ನೂ ಪೂರೈಸಿದ್ದರೆ 24ಕ್ಕೆ ತೇರ್ಗಡೆ.

ನಮ್ಮ ಬಹುಪಾಲು ಶಾಲೆಗಳ ಮಕ್ಕಳು ಮೇ ತಿಂಗಳಲ್ಲಿ ಪರೀಕ್ಷೆ ಬರೆಯುತ್ತಾರೆ. ಫಲಿತಾಂಶ ಜುಲೈ ಮೊದಲಲ್ಲಿ ಬರುತ್ತದೆ. ಆದರೆ ಬ್ರಿಟನ್ನಿನ ವಿಶ್ವವಿದ್ಯಾನಿಲಯಗಳು ಅದಕ್ಕೆ ಎಷ್ಟೋ ತಿಂಗಳು ಮೊದಲೇ ಅರ್ಜಿಗಳನ್ನು ನೋಡುತ್ತವೆ. ಇಂಥ ವಿದ್ಯಾರ್ಥಿಗೆ ಇಷ್ಟು ಬರಬಹುದೆಂದು ಅಧ್ಯಾಪಕರು ಅಂದಾಜು ಬರೆದು ಕಳುಹಿಸುತ್ತಾರೆ. ಅದರ ಆಧಾರದ ಮೇಲೆ, ಇಷ್ಟು ಅಂಕ ಬಂದರೆ ಸ್ಥಳ ಕೊಡುತ್ತೇವೆಂಬ ಷರತ್ತಿನ ಪತ್ರ ಬರುತ್ತದೆ. ಹೀಗೆ ಮಗುವಿನ ಮುಂದಿನ ದಾರಿ ಒಂದು ಅಂದಾಜು, ಒಂದು ಪರೀಕ್ಷೆ ಇವೆರಡರ ನಡುವೆ ತೂಗುತ್ತಿರುತ್ತದೆ.

ಈ ತಕ್ಕಡಿ 2020ರಲ್ಲಿ ಮುರಿಯಿತು. ಕೋವಿಡ್ ಪಿಡುಗಿನಿಂದಾಗಿ ಮೇ ತಿಂಗಳ ಪರೀಕ್ಷೆ ರದ್ದಾಯಿತು. ವರ್ಷವಿಡೀ ಮಾಡಿದ ಲಿಖಿತ ಕೆಲಸ, ಅಧ್ಯಾಪಕರ ಅಂದಾಜು, ಇವುಗಳ ಜೊತೆಗೆ ಆ ಶಾಲೆಯ ಹಿಂದಿನ ವರ್ಷಗಳ ಫಲಿತಾಂಶವನ್ನೂ ಲೆಕ್ಕಕ್ಕೆ ಹಿಡಿದು ಅಂಕ ಕೊಟ್ಟರು. ಜುಲೈ 5ರಂದು ಫಲಿತಾಂಶ ಬಂದಾಗ ಷರತ್ತಿನ ಅಂಕ ಮುಟ್ಟದ ಅನೇಕರಿಗೆ ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾಯಿತು. ಬರೆಯದ ಪರೀಕ್ಷೆಯಲ್ಲಿ ಅವರು ಸೋತಿದ್ದರು!

ಬ್ರಿಟನ್ನಿನ ಸ್ವಂತ ಪರೀಕ್ಷೆಗಳಲ್ಲೂ ಇದೇ ಕಥೆ. ಸ್ಕಾಟ್ಲೆಂಡಿನಲ್ಲಿ ಸುಮಾರು 1,24,000 ಫಲಿತಾಂಶಗಳನ್ನು ಅಧ್ಯಾಪಕರ ಅಂದಾಜಿಗಿಂತ ಇಳಿಸಲಾಯಿತು. ಅಲ್ಲಿಯ ಹೈಯರ್ ಪರೀಕ್ಷೆಯಲ್ಲಿ ತೀರ ಬಡ ಪ್ರದೇಶಗಳ ಮಕ್ಕಳ ತೇರ್ಗಡೆ ಪ್ರಮಾಣ ಶೇಕಡ 15.2ರಷ್ಟು ಕೆಳಗಿಳಿದರೆ, ಅತ್ಯಂತ ಅನುಕೂಲಸ್ಥ ಪ್ರದೇಶಗಳಲ್ಲಿ ಇಳಿದದ್ದು 6.9 ಮಾತ್ರ. ಇಂಗ್ಲೆಂಡಿನಲ್ಲಿ ಆಗಸ್ಟ್ 13ರಂದು ಎ-ಲೆವೆಲ್ ಫಲಿತಾಂಶ ಬಂತು. ಸುಮಾರು ಶೇಕಡ 39ರಷ್ಟು ಶ್ರೇಣಿಗಳು ಅಂದಾಜಿಗಿಂತ ಇಳಿದಿದ್ದವು. ವಿದ್ಯಾರ್ಥಿಗಳು ಬೀದಿಗಿಳಿದರು. ಸ್ಕಾಟ್ಲೆಂಡ್ ಆಗಸ್ಟ್ 11ರಂದು, ಇಂಗ್ಲೆಂಡ್ 17ರಂದು ಅಧ್ಯಾಪಕರ ಅಂದಾಜಿಗೇ ಮರಳಿದವು. ಅದೇ 17ರಂದು ಬ್ಯಾಕಲೋರಿಯೆಟ್ ಸಂಸ್ಥೆಯೂ ಕೆಲವರ ಅಂಕಗಳನ್ನು ಏರಿಸಿ ಸರಿಪಡಿಸಿತು.

ಲೆಕ್ಕ ಹಾಕಿದವರೆಲ್ಲ ದುಷ್ಟರೆಂದು ನಾವು ಹೇಳುವುದಿಲ್ಲ. ಗುರುಗಳ ಅಂದಾಜು ಧಾರಾಳವಾಗಿರುವುದುಂಟು. ಅದನ್ನೇ ಪೂರ್ತಿ ನಂಬಿದರೆ ಈ ವರ್ಷದ ಅಂಕಕ್ಕೂ ಕಳೆದ ವರ್ಷದ ಅಂಕಕ್ಕೂ ಹೊಂದಿಕೆಯಿರದು. ಇಂಗ್ಲೆಂಡಿನಲ್ಲಿ ಅಂಕ ಮರಳಿಸಿದ ಮೇಲೆ ಕೆಲವು ಕಡೆ ಸ್ಥಳ ಸಾಲದೆ, ಮುಂದಿನ ವರ್ಷ ಬನ್ನಿರೆಂದು ಹೇಳಬೇಕಾಯಿತು. ಆದರೂ ತಪ್ಪಿನ ಬೇರು ಇದು: ತನ್ನ ಶಾಲೆಯಲ್ಲಿ ಹಿಂದೆ ಓದಿದವರು ಯಾರು, ಎಷ್ಟು ಅಂಕ ತಂದರು ಎಂಬುದಕ್ಕೆ ಇಂದಿನ ಮಗು ಹೊಣೆಯಾಗಲಾರದು. ನೀವು ಯಾವ ಕಡೆಯವರು ಎಂಬ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ದಣಿದವರು ನಾವು. ಬಂದ ಕಡೆಯನ್ನು ನೋಡಿ ಮನುಷ್ಯನನ್ನು ತೂಗುವುದು ಎಂಥ ಅನ್ಯಾಯವೆಂಬುದನ್ನು ನಮಗಿಂತ ಚೆನ್ನಾಗಿ ಬಲ್ಲವರಾರು?

ಇದು ಹೊರದೇಶದ ಮಾತಷ್ಟೇ ಅಲ್ಲ. 2021ರಲ್ಲಿ ನಮ್ಮ ಸಿ.ಬಿ.ಎಸ್.ಇ. ಹನ್ನೆರಡನೆಯ ತರಗತಿಯ ಪರೀಕ್ಷೆಯೂ ರದ್ದಾಗಿ, ಹತ್ತನೆಯ ತರಗತಿಗೆ 30, ಹನ್ನೊಂದಕ್ಕೆ 30, ಹನ್ನೆರಡಕ್ಕೆ 40 ಎಂದು ಪಾಲು ಮಾಡಿದರು. ಶಾಲೆಯ ಹಿಂದಿನ ಮೂರು ವರ್ಷಗಳ ಫಲಿತಾಂಶಗಳಲ್ಲಿ ಉತ್ತಮವಾದುದನ್ನು ಅಳತೆಗೋಲು ಮಾಡಿದರು. ಒಪ್ಪದವರಿಗೆ ಪರೀಕ್ಷೆ ಬರೆಯುವ ಅವಕಾಶವನ್ನಾದರೂ ಕೊಟ್ಟರು; ಅದು ಮೆಚ್ಚತಕ್ಕದ್ದು.

ಹಾಗಾದರೆ ನಾವು ಮಾಡಬೇಕಾದುದೇನು? ಮೊದಲನೆಯದಾಗಿ, ಶಾಲೆ ಕಳುಹಿಸುವ ಅಂದಾಜು ಯಾವ ಆಧಾರದ ಮೇಲೆ ನಿಂತಿದೆಯೆಂದು ಅರ್ಜಿಗೆ ಮೊದಲೇ ವಿನಯದಿಂದ ಕೇಳಬೇಕು. ಎರಡನೆಯದಾಗಿ, ವರ್ಷವಿಡೀ ಮಾಡುವ ಲಿಖಿತ ಕೆಲಸವೂ ಅಂತಿಮ ಅಂಕದೊಳಗೆ ಸೇರುತ್ತದೆ. ಅದನ್ನು ಕೊನೆಯ ವಾರಕ್ಕೆ ತಳ್ಳಲಾಗದು. ಪರೀಕ್ಷೆ ಕೈಕೊಟ್ಟ ವರ್ಷದಲ್ಲಿ ಮಗು ತನ್ನದೆಂದು ತೋರಿಸಬಹುದಾಗಿದ್ದುದು ಅದೊಂದೇ. ಮೂರನೆಯದಾಗಿ, ಒಂದೇ ಬಾಗಿಲನ್ನು ನಂಬಬಾರದು. ಕಡಿಮೆ ಅಂಕ ಕೇಳುವ ಎರಡನೆಯ ಆಯ್ಕೆಯೊಂದಿರಲಿ. ಭಾರತದಲ್ಲೇ ಓದುವುದಾದರೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಸಮಾನತೆಯ ನಿಯಮಗಳನ್ನು ಮೊದಲೇ ತಿಳಿದು, ವಿಷಯಗಳನ್ನು ಅದಕ್ಕೆ ತಕ್ಕಂತೆ ಆರಿಸಬೇಕು. ಮರುಪರಿಶೀಲನೆ ಕೇಳಬಹುದು, ಆದರೆ ಅಂಕ ಏರುವಂತೆ ಇಳಿಯಲೂಬಹುದೆಂಬುದು ನೆನಪಿರಲಿ.

ಇನ್ನೊಂದು ಮಾತು. ಬ್ಯಾಕಲೋರಿಯೆಟ್ಟಿನಲ್ಲಿ ಶಾಲೆಯಲ್ಲಿ ಕಲಿಸದ ತಾಯ್ನುಡಿಯ ಸಾಹಿತ್ಯವನ್ನು ಶಾಲೆಯ ನೆರವಿನಿಂದ ಸ್ವಂತವಾಗಿ ಓದಿ ಪರೀಕ್ಷೆಗೆ ಕೂರುವ ಏರ್ಪಾಡುಂಟು. ಪಟ್ಟಿಯಲ್ಲಿಲ್ಲದ ಭಾಷೆಗೂ ಸಂಸ್ಥೆಯನ್ನು ಕೋರಬಹುದು. ಕನ್ನಡಕ್ಕಾಗಿ ಕೇಳಿ ನೋಡುವ ತಂದೆತಾಯಿಗಳು ನಮ್ಮಲ್ಲಿ ಹುಟ್ಟಬೇಡವೆ? ಮಗು ತನ್ನದನ್ನೇ ತಕ್ಕಡಿಗಿಡುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಯಾವುದು?

ಕೊನೆಯದಾಗಿ ಒಂದು ಸೂಚನೆ. ಹೆಚ್ಚು ಅಂಕ ಪಡೆದವರಿಗೆ ಶಾಲು ಹೊದಿಸಿ ಸನ್ಮಾನಿಸುವುದು ಸಂತೋಷದ ವಿಷಯ. ಅದರ ಜೊತೆಗೆ, ಈ ಹಾದಿಯಲ್ಲಿ ನಡೆದು ಬಂದ ನಮ್ಮ ತರುಣ ತರುಣಿಯರನ್ನು ಪ್ರತಿವರ್ಷ ಅರ್ಜಿಯ ಕಾಲಕ್ಕೆ ಒಂದು ಭಾನುವಾರ ಇಲ್ಲಿ ಕೂರಿಸೋಣ. ಎರಡು ಅಂಕ ಕಡಿಮೆಯಾಗಿ ಬೇರೆ ಬಾಗಿಲಿನಿಂದ ಒಳಹೋದವರನ್ನೂ ಕರೆಯೋಣ. ಫಲಿತಾಂಶದ ದಿನ ಕೋಣೆಯ ಕದವಿಕ್ಕಿಕೊಂಡು ಕುಳಿತ ಮಗುವಿಗೆ ಬೇಕಾದುದು ಅವರ ಮಾತು.