ಮಲೆನಾಡಿನ ಮನೆಗೆ ಸೌರಫಲಕ: ಖರ್ಚೆಷ್ಟು, ಉಳಿತಾಯವೆಲ್ಲಿ?

(ಮಲೆನಾಡಿನ ಹಳ್ಳಿಯೊಂದರಲ್ಲಿ ಕೃಷಿಕರು ಹಾಗೂ ವಿದ್ಯಾರ್ಥಿಗಳ ಎದುರು ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನಲ್ಲಿ ವಿದ್ಯುತ್ತಿನ ಮಾತು ಬಂದಾಗ ಶರಾವತಿಯ ನೆನಪು ಬಾರದೆ ಇರದು. 1948ರಲ್ಲಿ ಜೋಗದ ವಿದ್ಯುದಾಗಾರ ಕಾರ್ಯಾರಂಭ ಮಾಡಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಕಣಿವೆಯ ಊರುಗಳು ಮುಳುಗಿದವು, ನಾಡಿಗೆ ಬೆಳಕಾಯಿತು. ಆದರೆ ಆ ತಂತಿಗಳು ಹಾದುಹೋದ ಕಾಡಿನ ನಡುವೆ ಇದ್ದ ಎಷ್ಟೋ ಒಂಟಿ ಮನೆಗಳಿಗೆ ದಶಕಗಳ ಕಾಲ ಚಿಮಣಿ ದೀಪವೇ ಗತಿಯಾಗಿತ್ತು. ಇಂದು ಬಹುಪಾಲು ಮನೆಗಳಿಗೆ ತಂತಿ ಬಂದಿದೆ. ಆದರೂ ಆಷಾಢದ ಗಾಳಿಗೆ ಒಂದು ಮರ ತಂತಿಯ ಮೇಲೆ ಬಿದ್ದರೆ ಸಾಕು, ಲೈನ್‌ಮನ್ ಗುಡ್ಡ ಹತ್ತಿ ಬರುವವರೆಗೆ ಮೂರು ನಾಲ್ಕು ದಿನ ಊರೆಲ್ಲ ಕತ್ತಲೆ. ಆ ಕತ್ತಲೆಯೇ ಮಲೆನಾಡಿಗನನ್ನು ಸೌರಫಲಕದತ್ತ ನೋಡುವಂತೆ ಮಾಡಿದೆ.

ಸೌರದೀಪ ಈ ಸೀಮೆಗೆ ಹೊಸತಲ್ಲ. 1995ರಲ್ಲಿ ಹರೀಶ್ ಹಂದೆಯವರು ಸಹಸಂಸ್ಥಾಪಕರಾಗಿ ಆರಂಭಿಸಿದ ಸೆಲ್ಕೊ ಸಂಸ್ಥೆ ಕರ್ನಾಟಕದ ಹಳ್ಳಿಗಳಿಗೆ ಸೌರದೀಪವನ್ನು ಒಯ್ದಿತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಮನೆಯ ಸೌರದೀಪಕ್ಕೆಂದೇ ಸಾಲ ಕೊಡತೊಡಗಿದವು. ಆಗ ಫಲಕದ ಬೆಲೆ ಪ್ರತಿ ವ್ಯಾಟಿಗೆ ನೂರು ರೂಪಾಯಿಯನ್ನು ಮೀರಿತ್ತು. ಇಂದು ಅದು ಮೂವತ್ತರ ಆಸುಪಾಸಿಗೆ ಇಳಿದಿದೆ. ಹೀಗೆ ಬೆಲೆ ಇಳಿದಿದ್ದರೂ ಕೆಲವು ಮನೆಗಳಲ್ಲಿ ಲಕ್ಷಾಂತರ ರೂಪಾಯಿ ಖರ್ಚಾಗಿ, ಮಳೆಗಾಲದಲ್ಲಿ ಮಾತ್ರ ಹಳೆಯ ಕತ್ತಲೆಯೇ ಉಳಿದಿದೆ. ಇದಕ್ಕೆ ಕಾರಣ ಯಂತ್ರದ ದೋಷವಲ್ಲ, ಆಯ್ಕೆಯ ದೋಷ.

ಎರಡು ಬಗೆಯ ವ್ಯವಸ್ಥೆ

ಮನೆಯ ಸೌರವಿದ್ಯುತ್ತಿನಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಮೊದಲನೆಯದು ಊರಿನ ವಿದ್ಯುತ್ ಜಾಲಕ್ಕೆ ಜೋಡಿಸುವಂಥದು. ಇದರಲ್ಲಿ ಬ್ಯಾಟರಿ ಇರುವುದಿಲ್ಲ. ಹಗಲು ಉತ್ಪಾದನೆಯಾದ ವಿದ್ಯುತ್ತಿನಲ್ಲಿ ಮನೆಗೆ ಬೇಕಾದಷ್ಟು ಬಳಕೆಯಾಗಿ, ಉಳಿದದ್ದು ಕಂಪನಿಯ ತಂತಿಗೆ ಹೋಗುತ್ತದೆ. ಎರಡೂ ದಿಕ್ಕಿನ ಲೆಕ್ಕವನ್ನು ಮೀಟರ್ ಇಡುತ್ತದೆ. ಎರಡನೆಯದು ಬ್ಯಾಟರಿಯಲ್ಲಿ ವಿದ್ಯುತ್ತನ್ನು ಸಂಗ್ರಹಿಸಿ ರಾತ್ರಿ ಬಳಸುವ ಸ್ವತಂತ್ರ ವ್ಯವಸ್ಥೆ.

ಇಲ್ಲಿ ಒಂದು ಸಂಗತಿಯನ್ನು ಸ್ಪಷ್ಟವಾಗಿ ತಿಳಿದಿರಬೇಕು. ಜಾಲಕ್ಕೆ ಜೋಡಿಸಿದ, ಬ್ಯಾಟರಿಯಿಲ್ಲದ ವ್ಯವಸ್ಥೆಯು ಕರೆಂಟು ಹೋದೊಡನೆ ತಾನೂ ನಿಂತುಹೋಗುತ್ತದೆ. ಹೊರಗೆ ಸುಡುಬಿಸಿಲಿದ್ದರೂ ಮನೆಯೊಳಗೆ ಒಂದು ದೀಪವೂ ಉರಿಯದು. ತಂತಿ ಸರಿಪಡಿಸಲು ಕಂಬವೇರಿದ ಲೈನ್‌ಮನ್‌ಗೆ ಮನೆಯ ಫಲಕದಿಂದ ವಿದ್ಯುತ್ ಹರಿದು ಆಘಾತವಾಗಬಾರದೆಂದೇ ಇನ್ವರ್ಟರಿನಲ್ಲಿ ಈ ಏರ್ಪಾಡು ಇದೆ. ಮಾರಾಟಗಾರರು ಇದನ್ನು ಮೊದಲೇ ಹೇಳದಿದ್ದರೆ, ಕತ್ತಲೆ ಕಳೆಯಲೆಂದು ಹಣ ಹಾಕಿದ ಮನೆಯವರು ಮೊದಲ ಮಳೆಗೆ ನಿರಾಶರಾಗುತ್ತಾರೆ.

ಸಹಾಯಧನದ ಲೆಕ್ಕ

ಫೆಬ್ರುವರಿ 2024ರಲ್ಲಿ ಕೇಂದ್ರ ಸರ್ಕಾರವು ಪಿಎಂ ಸೂರ್ಯಘರ್ ಯೋಜನೆಯನ್ನು ಆರಂಭಿಸಿತು. 2026-27ನೇ ಆರ್ಥಿಕ ವರ್ಷದವರೆಗೆ ನಿಗದಿಯಾಗಿರುವ ಈ ಯೋಜನೆಯಲ್ಲಿ 2 ಕಿಲೋವ್ಯಾಟ್‌ವರೆಗೆ ಪ್ರತಿ ಕಿಲೋವ್ಯಾಟಿಗೆ 30,000 ರೂಪಾಯಿ, ಮೂರನೆಯ ಕಿಲೋವ್ಯಾಟಿಗೆ 18,000 ರೂಪಾಯಿ, ಒಟ್ಟು ಗರಿಷ್ಠ 78,000 ರೂಪಾಯಿ ಸಹಾಯಧನ ದೊರೆಯುತ್ತದೆ. ಫಲಕಗಳು ದೇಶದಲ್ಲೇ ತಯಾರಾದುವಾಗಿರಬೇಕು. ಈ ಸಹಾಯಧನ ಇರುವುದು ಜಾಲಕ್ಕೆ ಜೋಡಿಸಿದ ವ್ಯವಸ್ಥೆಗೆ ಮಾತ್ರ. ಬ್ಯಾಟರಿಯ ಖರ್ಚಿಗೆ ಇಲ್ಲ.

ಸರ್ಕಾರ ಸಹಾಯಧನಕ್ಕಾಗಿ ಹಿಡಿದ ಮಾನದಂಡದ ಬೆಲೆಯಲ್ಲಿ 3 ಕಿಲೋವ್ಯಾಟಿಗೆ 1,45,000 ರೂಪಾಯಿ ಆಗುತ್ತದೆ. ಸಹಾಯಧನ ಕಳೆದರೆ ಉಳಿಯುವುದು 67,000. ಮಾರುಕಟ್ಟೆಯಲ್ಲಿ ದರ ಎರಡು ಲಕ್ಷಕ್ಕೆ ಏರಿದರೆ ಮನೆಯವರ ಪಾಲು 1,22,000. ಮಲೆನಾಡಿನ ಮಳೆ, ಮೋಡಗಳನ್ನು ಕಳೆದು ಒಂದು ಕಿಲೋವ್ಯಾಟಿಗೆ ವರ್ಷಕ್ಕೆ 1,200 ಯೂನಿಟ್ ಎಂದು ಹಿಡಿದರೆ 3 ಕಿಲೋವ್ಯಾಟಿಗೆ 3,600 ಯೂನಿಟ್. ಯೂನಿಟ್ಟಿಗೆ 6 ರೂಪಾಯಿಯಂತೆ ವರ್ಷಕ್ಕೆ 21,600 ರೂಪಾಯಿ ಉಳಿತಾಯ. ಮೂರರಿಂದ ಆರು ವರ್ಷಗಳಲ್ಲಿ ಬಂಡವಾಳ ಮರಳಿತು.

ಈ ಲೆಕ್ಕ ಸರಿಯೇ; ಆದರೆ ತಿಂಗಳಿಗೆ 300 ಯೂನಿಟ್ ಸುಡುವ ಮನೆಗೆ ಮಾತ್ರ ಸರಿ. ಮಲೆನಾಡಿನ ಸಣ್ಣ ಹಿಡುವಳಿದಾರರ ಎಷ್ಟೋ ಮನೆಗಳಲ್ಲಿ ಬಳಕೆ ನೂರು ಯೂನಿಟ್ಟಿನೊಳಗೇ ಇದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಇಂಥ ಮನೆಗೆ ಬಿಲ್ಲೇ ಶೂನ್ಯ. ಬಾರದ ಬಿಲ್ಲನ್ನು ಉಳಿಸಲು ಸಾಲ ಮಾಡುವುದರಲ್ಲಿ ಅರ್ಥವಿಲ್ಲ. ಬಳಕೆ 200 ಯೂನಿಟ್ ಮೀರಿ ಪೂರ್ತಿ ಬಿಲ್ಲು ಕಟ್ಟುವ ಮನೆ, ಹೋಂಸ್ಟೇ, ಸಣ್ಣ ಉದ್ದಿಮೆ ಇರುವ ಮನೆ - ಇವರಿಗೆ ಮೊದಲ ಬಗೆ ಲಾಭದಾಯಕ. ಉಳಿದವರಿಗೆ ಬೇಕಿರುವುದು ಬಿಲ್ಲಿನ ಉಳಿತಾಯವಲ್ಲ, ಮಳೆಗಾಲದ ದೀಪ. ಅದಕ್ಕೆ ತಕ್ಕುದು ಎರಡನೆಯ ಬಗೆ; ಅದೂ ಚಿಕ್ಕದೊಂದು ಸಾಕು.

ಮೊದಲ ಉಳಿತಾಯ ಬಲ್ಬಿನಲ್ಲಿ

ಫಲಕ ಕೊಳ್ಳುವ ಮುನ್ನ ಮನೆಯ ಬಳಕೆಯನ್ನು ಕಾಗದದ ಮೇಲೆ ಬರೆಯಬೇಕು. 60 ವ್ಯಾಟಿನ ಐದು ಹಳೆಯ ಬಲ್ಬುಗಳು ದಿನಕ್ಕೆ 4 ತಾಸು ಉರಿದರೆ 1,200 ವ್ಯಾಟ್-ತಾಸು. 75 ವ್ಯಾಟಿನ ಫ್ಯಾನು 6 ತಾಸಿಗೆ 450. ಮೊಬೈಲುಗಳಿಗೆ 20. ಒಟ್ಟು 1,670. ಅದೇ ಬೆಳಕನ್ನು 9 ವ್ಯಾಟಿನ ಐದು ಎಲ್ಇಡಿ ಬಲ್ಬುಗಳು ಕೊಟ್ಟರೆ 180, 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಿಗೆ 180, ಮೊಬೈಲಿಗೆ 20, ಒಟ್ಟು 380. ಅವಶ್ಯಕತೆ ಕಾಲುಭಾಗಕ್ಕಿಂತಲೂ ಕೆಳಗಿಳಿಯಿತು. ಫಲಕವೂ ಬ್ಯಾಟರಿಯೂ ಅದೇ ಪ್ರಮಾಣದಲ್ಲಿ ಚಿಕ್ಕವಾದವು. ಬಲ್ಬಿಗೆ ಹಾಕಿದ ನೂರು ರೂಪಾಯಿ ಬ್ಯಾಟರಿಯಲ್ಲಿ ಸಾವಿರಾರು ರೂಪಾಯಿಗಳನ್ನು ಉಳಿಸುತ್ತದೆ.

ನೀರು ಕಾಯಿಸುವ ಕೆಲಸವನ್ನು ಎಂದಿಗೂ ಬ್ಯಾಟರಿಗೆ ಹೊರಿಸಬಾರದು. 2,000 ವ್ಯಾಟಿನ ಗೀಸರ್ ಹತ್ತು ನಿಮಿಷಕ್ಕೆ 333 ವ್ಯಾಟ್-ತಾಸು ನುಂಗುತ್ತದೆ. ಅದು ಇಡೀ ಮನೆಯ ಒಂದು ದಿನದ ಅಗತ್ಯಕ್ಕೆ ಸಮೀಪವಾದುದು. ಬಚ್ಚಲುಮನೆಯ ಹಂಡೆಗೆ ಅಡಿಕೆ ಸಿಪ್ಪೆ ಇರಲಿ. ಒಲೆ ಮಾತ್ರ ಕಟ್ಟಿಗೆ ಉಳಿಸುವ ಸುಧಾರಿತ ಒಲೆಯಾಗಿರಲಿ.

ಫಲಕದಲ್ಲಿ ಧಾರಾಳ, ಬ್ಯಾಟರಿಯಲ್ಲಿ ಮಿತ

12 ವೋಲ್ಟ್, 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1,200 ವ್ಯಾಟ್-ತಾಸು ಹಿಡಿಸುತ್ತದೆ. ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಷ್ಯ ಕುಂದುವುದರಿಂದ ಬಳಕೆಗೆ ಸಿಗುವುದು 600. ಮಳೆಗಾಲದ ಚಳಿಯಲ್ಲಿ ಫ್ಯಾನು ಬೇಕಿಲ್ಲ. ಅಗತ್ಯ 200ಕ್ಕೆ ಇಳಿಯುತ್ತದೆ. ಇನ್ವರ್ಟರಿನ ನಷ್ಟವನ್ನು ಕಳೆದರೂ ಬಿಸಿಲೇ ಇಲ್ಲದ ಎರಡೂವರೆ ದಿನ ದೀಪ ಉರಿಯುತ್ತದೆ.

ದಟ್ಟ ಮಳೆಯ ದಿನ ಫಲಕಕ್ಕೆ ಪೂರ್ಣ ಬಿಸಿಲಿನ ಒಂದು ತಾಸಿಗೆ ಸಮನಾದ ಬೆಳಕು ಮಾತ್ರ ದೊರೆಯುತ್ತದೆಂದು ಇಟ್ಟುಕೊಂಡರೂ, 300 ವ್ಯಾಟಿನ ಫಲಕದಿಂದ ನಷ್ಟ ಕಳೆದು 225 ವ್ಯಾಟ್-ತಾಸು ಬರುತ್ತದೆ. ಆ ದಿನದ ಅಗತ್ಯ ತೀರಿತು. ಇದೇ ಬಯಲುಸೀಮೆಯ ಮನೆಯಾಗಿದ್ದರೆ 150 ವ್ಯಾಟ್ ಸಾಕಾಗುತ್ತಿತ್ತು. ಬಯಲುಸೀಮೆಯ ಅಳತೆಯ ಫಲಕವನ್ನು ಮಲೆನಾಡಿಗೆ ತಂದು, ಬ್ಯಾಟರಿ ತುಂಬುತ್ತಿಲ್ಲವೆಂದು ಇನ್ನೊಂದು ಬ್ಯಾಟರಿ ಕೊಳ್ಳುವುದು ಸಾಮಾನ್ಯ ತಪ್ಪು. ತುಂಬದ ಕೊಡದ ಪಕ್ಕ ಇನ್ನೊಂದು ಕೊಡ ಇಟ್ಟರೆ ನೀರು ಹೆಚ್ಚುವುದಿಲ್ಲ. ಫಲಕ ಇಪ್ಪತ್ತೈದು ವರ್ಷ ಬಾಳುವ ವಸ್ತು. ಸೀಸದ ಬ್ಯಾಟರಿ ನಾಲ್ಕರಿಂದ ಆರು ವರ್ಷ. ಒಂದು ಫಲಕದ ಆಯುಷ್ಯದಲ್ಲಿ ನಾಲ್ಕೈದು ಬ್ಯಾಟರಿಗಳು ತೀರುತ್ತವೆ. ನಿಜವಾದ ಖರ್ಚು ಇರುವುದು ಅಲ್ಲಿ.

ಇಷ್ಟು ಚಿಕ್ಕ ವ್ಯವಸ್ಥೆಯ ಆರಂಭಿಕ ವೆಚ್ಚ, ಫಲಕ, ಬ್ಯಾಟರಿ, ಇನ್ವರ್ಟರ್, ತಂತಿ, ಚೌಕಟ್ಟು ಎಲ್ಲ ಸೇರಿ, ಮೂವತ್ತರಿಂದ ನಲವತ್ತು ಸಾವಿರದ ಸುತ್ತ ಬರಬಹುದು. ಮನೆಯಲ್ಲಿ ಈಗಾಗಲೇ ಸುಸ್ಥಿತಿಯ ಇನ್ವರ್ಟರ್ ಮತ್ತು ಬ್ಯಾಟರಿ ಇದ್ದರೆ ಅವನ್ನು ಎಸೆಯಬೇಕಿಲ್ಲ. ಫಲಕ ಮತ್ತು ಚಾರ್ಜ್ ಕಂಟ್ರೋಲರ್ ಮಾತ್ರ ಕೊಂಡು ಜೋಡಿಸಿದರೆ ಖರ್ಚು ಅರ್ಧಕ್ಕೂ ಕೆಳಗಿಳಿಯುತ್ತದೆ. ದರಪಟ್ಟಿ ಪಡೆಯುವಾಗ ಇನ್ನೊಂದನ್ನು ಗಮನಿಸಬೇಕು: 22 ಸೆಪ್ಟೆಂಬರ್ 2025ರಿಂದ ಸೌರ ಉಪಕರಣಗಳ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ.

ನೆರಳು, ತಂತಿ, ಸಿಡಿಲು

ಫಲಕದೊಳಗಿನ ಕೋಶಗಳು ಒಂದರ ಹಿಂದೆ ಒಂದರಂತೆ ಸರಪಳಿಯಾಗಿ ಜೋಡಣೆಗೊಂಡಿರುತ್ತವೆ. ಒಂದು ಕೋಶದ ಮೇಲೆ ಅಡಿಕೆ ಸೋಗೆಯ ನೆರಳು ಬಿದ್ದರೆ ಆ ಸರಪಳಿಯ ಹರಿವೇ ಕುಗ್ಗುತ್ತದೆ. ಆದುದರಿಂದ ಜಾಗದ ಆಯ್ಕೆ ಹಣವಿಲ್ಲದೆ ಮಾಡುವ ದೊಡ್ಡ ಉಳಿತಾಯ. ವಿದ್ಯಾರ್ಥಿಗಳು ಇದನ್ನು ಪ್ರಯೋಗವಾಗಿ ಮಾಡಬಹುದು. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದು ನೆರಳು ಉದ್ದವಾಗುತ್ತದೆ. ಏಪ್ರಿಲ್ ಕೊನೆಗೆ ಸೂರ್ಯ ಮಲೆನಾಡಿನ ನಡುನೆತ್ತಿಗೆ ಬರುತ್ತಾನೆ. ಈ ಎರಡು ಕಾಲಗಳಲ್ಲಿ ತಾಸಿಗೊಮ್ಮೆ ಅಂಗಳದ ನೆರಳನ್ನು ಗುರುತಿಸಿದರೆ ಫಲಕದ ಜಾಗ ತಾನಾಗಿ ತೋರುತ್ತದೆ.

ಬಿಸಿಲಿಗೆಂದು ಮನೆಯ ಸುತ್ತಲ ಮರ ಕಡಿಯುವುದು ಸಲ್ಲದು. ಮರವಿಲ್ಲದ ಮನೆಗೆ ಸೆಕೆ ಹೆಚ್ಚಿ ಫ್ಯಾನಿನ ಖರ್ಚು ಏರುತ್ತದೆ. ಮಣ್ಣಿನ ತೇವವೂ ಹೋಗುತ್ತದೆ. ಹಂಚಿನ ಮಾಡಿಗೆ ನೆರಳಿದ್ದರೆ ಅಡಿಕೆ ಒಣಗಿಸುವ ಅಂಗಳವಿದೆ. ಅಡಿಕೆಗೆ ಬಿಸಿಲು ಸಿಗುವ ಕಡೆ ಫಲಕಕ್ಕೂ ಸಿಗುತ್ತದೆ. ಅಂಗಳದ ಅಂಚಿನಲ್ಲಿ ಕಬ್ಬಿಣದ ಕಂಬ ನೆಟ್ಟು, ದಕ್ಷಿಣಕ್ಕೆ ಸುಮಾರು 15 ಡಿಗ್ರಿ ಓರೆಯಾಗಿ ಫಲಕ ನಿಲ್ಲಿಸಬಹುದು. ಆ ಓರೆಯಲ್ಲಿ ಮಳೆನೀರೇ ಧೂಳನ್ನು ತೊಳೆಯುತ್ತದೆ. ಪಾಚಿ, ತರಗೆಲೆಗಳನ್ನು ಮಾತ್ರ ಆಗಾಗ ಒರೆಸಬೇಕು.

ತಂತಿ ಉದ್ದವಾದಷ್ಟೂ ನಷ್ಟ. 12 ವೋಲ್ಟಿನಲ್ಲಿ 50 ವ್ಯಾಟನ್ನು 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 30 ಮೀಟರ್ ದೂರದ ಕೊಟ್ಟಿಗೆಗೆ ಒಯ್ದರೆ ಒಂದೂವರೆ ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಕಳೆದುಹೋಗುತ್ತದೆ. ಫಲಕ, ಬ್ಯಾಟರಿ, ದೀಪಗಳು ಹತ್ತಿರವಿರಬೇಕು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಭೂಸಂಪರ್ಕ ಮತ್ತು ಸಿಡಿಲುತಡೆ ಸಾಧನಗಳು ಅಗತ್ಯ. ಇವುಗಳಲ್ಲಿ ಉಳಿತಾಯ ಮಾಡುವುದು ಉಳಿತಾಯವಲ್ಲ.

ಬ್ಯಾಟರಿಗೆ ಕಾಲಕಾಲಕ್ಕೆ ಶುದ್ಧೀಕರಿಸಿದ ನೀರನ್ನೇ ಹಾಕಬೇಕು. ಬಾವಿ ನೀರು ಅದನ್ನು ಕೆಡಿಸುತ್ತದೆ. ಆಯುಷ್ಯ ತೀರಿದ ಬ್ಯಾಟರಿಯನ್ನು ಗುಜರಿಗೆ ಹಾಕಿದರೆ ಅದರ ಸೀಸ ಕೊನೆಗೆ ಯಾರದೋ ಹಳ್ಳದ ನೀರನ್ನು ಸೇರಬಹುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಮರಳಿಸಿದರೆ ಬೆಲೆಯಲ್ಲಿ ರಿಯಾಯಿತಿಯೂ ದೊರೆಯುತ್ತದೆ.

ಊರು ಒಂದಾದರೆ

ಹತ್ತು ಮನೆಗಳು ಸೇರಿ ಒಂದೇ ಬಗೆಯ ಸಾಮಗ್ರಿ ಕೊಂಡರೆ ಬೆಲೆಯಲ್ಲಿ ಚೌಕಾಸಿಗೆ ಅವಕಾಶವಿದೆ, ಸಾಗಾಣಿಕೆಯ ಖರ್ಚು ಹಂಚಿಹೋಗುತ್ತದೆ. ಊರಿನ ಒಬ್ಬ ಯುವಕ ಅಥವಾ ಯುವತಿ ದುರಸ್ತಿ ಕಲಿತರೆ, ಸಣ್ಣ ಫ್ಯೂಸಿಗಾಗಿ ಪೇಟೆಯವರನ್ನು ಕಾಯಬೇಕಿಲ್ಲ. ಅಡಿಕೆ ಬೆಳೆಗಾರನ ಕೈಗೆ ಹಣ ಬರುವುದು ಕೊಯ್ಲಿನ ನಂತರ. ಸೊಸೈಟಿಯ ಸಾಲದ ಕಂತು ತಿಂಗಳಿಗೊಮ್ಮೆಯ ಬದಲು ಮಾರಾಟದ ಕಾಲಕ್ಕೆ ಬರುವಂತೆ ಕೇಳಿಕೊಳ್ಳುವುದು ನ್ಯಾಯವಾದುದೇ. ವರ್ಷದ ಹೆಚ್ಚು ಕಾಲ ನೀರು ಹರಿಯುವ ಹಳ್ಳ ಮನೆಯ ಪಕ್ಕದಲ್ಲಿದ್ದರೆ ಪುಟ್ಟ ಜಲವಿದ್ಯುತ್ ಯಂತ್ರವನ್ನೂ ಯೋಚಿಸಬಹುದು. ಸೂರ್ಯ ಮರೆಯಾದ ತಿಂಗಳುಗಳಲ್ಲೇ ಹಳ್ಳ ತುಂಬಿರುತ್ತದೆ.

ಇಂದು ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪವಿದೆ. ಪಾವಗಡದ ಸೌರ ಪಾರ್ಕು ಸುಮಾರು 13,000 ಎಕರೆ ನೆಲವನ್ನು ಆವರಿಸಿದೆ. ವಿದ್ಯುತ್ತು ಎಲ್ಲಿಂದ ಬಂದರೂ ಅದಕ್ಕೆ ಯಾವುದೋ ನೆಲ, ಯಾವುದೋ ನೀರು ಬೆಲೆ ತೆತ್ತಿರುತ್ತದೆ. ಕಣಿವೆ ಉಳಿಯಬೇಕೆಂದು ಸಭೆಗಳಲ್ಲಿ ಒತ್ತಾಯಿಸುವ ಊರಿನವರು ತಮ್ಮ ಮನೆಯ ವ್ಯಾಟುಗಳನ್ನು ಲೆಕ್ಕ ಹಾಕಿಟ್ಟುಕೊಂಡಿದ್ದರೆ ಆ ಮಾತಿಗೆ ತೂಕ ಬರುತ್ತದೆ. ವಿದ್ಯಾರ್ಥಿಗಳು ಈ ಸಂಜೆಯೇ ಮನೆಯ ಬಲ್ಬು, ಫ್ಯಾನುಗಳ ಪಟ್ಟಿ ಬರೆದು, ಪ್ರತಿಯೊಂದರ ಮುಂದೆ ವ್ಯಾಟು ಮತ್ತು ತಾಸುಗಳನ್ನು ನಮೂದಿಸಲಿ. ಅಂಗಡಿಗೆ ಹೋಗುವ ಮುನ್ನ ಮನೆಯ ಹಿರಿಯರು ಆ ಪಟ್ಟಿಯನ್ನು ಕೈಯಲ್ಲಿ ಹಿಡಿದಿರಲಿ.