ಗಾಡಿ ಎಷ್ಟು ಎಳೆದೀತು?

(ಬೊರಿವಲಿಯಲ್ಲಿ ಸೇರಿದ್ದ ಕನ್ನಡ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಊರು ಬಿಟ್ಟು ಮುಂಬಯಿಗೆ ಬಂದ ನಮ್ಮವರು ಮೊದಲು ಹಿಡಿದದ್ದು ಹೋಟೆಲಿನ ತಟ್ಟೆ, ಇಲ್ಲವೆ ಗಿರಣಿಯ ಮಗ್ಗ. 1982ರ ಜನವರಿ 18ರಂದು ಮೊದಲಾದ ಮಹಾಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಬೇರೆ ದಾರಿ ಹುಡುಕಿದವರಲ್ಲಿ ಕೆಲವರು ಟೆಂಪೋ ಓಡಿಸಲು ಕಲಿತರು. ಹೋಟೆಲಿನಲ್ಲಿ ವರ್ಷಗಟ್ಟಲೆ ದುಡಿದು, ಸಾಲ ಮಾಡಿ ಸ್ವಂತ ಟೆಂಪೋ ಕೊಂಡು, ಮದುವೆ ಮುಂಜಿಗಳಿಗೆ ಅಡಿಗೆ ಸಾಮಾನು ಸಾಗಿಸುವವರೂ ಇದ್ದಾರೆ. ಇಂಥವರ ಸಲುವಾಗಿಯೇ ಇಂದಿನ ನನ್ನ ಮಾತು. ನಮ್ಮ ಗಾಡಿ ಎಷ್ಟು ಹೊರಬಹುದು, ಹಿಂದೆ ಟ್ರೇಲರ್ ಕಟ್ಟಿದರೆ ಎಷ್ಟು ಎಳೆಯಬಹುದು, ಅದನ್ನು ಲೆಕ್ಕ ಹಾಕುವುದು ಹೇಗೆ ಎಂಬುದೇ ವಿಷಯ.

"ಎಂಜಿನ್ ಎಳೆಯುತ್ತದೆ, ಇನ್ನೂ ನಾಲ್ಕು ಮೂಟೆ ಹಾಕು" ಎಂಬ ಮಾತನ್ನು ನೀವೆಲ್ಲ ಕೇಳಿದ್ದೀರಿ. ಈ ಮಾತೇ ಮೋಸದ ಮೂಲ. ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಒಂದು ಟನ್ನು ಭಾರವನ್ನು ಉರುಳಿಸಲು ಸುಮಾರು 15 ಕಿಲೋ ಬಲ ಸಾಕು. ಆದರೆ 20 ಅಡಿಗೆ ಒಂದಡಿ ಏರುವ ಕಡೆ, ಪ್ರತಿ ಟನ್ನಿಗೂ ಮತ್ತೆ 50 ಕಿಲೋ ಬಲ ಕೂಡಿಕೊಳ್ಳುತ್ತದೆ. ಕೈಗಾಡಿ ಎಳೆದವರಿಗೆ ಇದನ್ನು ಪುಸ್ತಕ ನೋಡಿ ತಿಳಿಯಬೇಕಾಗಿಲ್ಲ; ಸೇತುವೆಯ ಏರು ಬಂದಾಗ ಅವರ ಭುಜವೇ ಹೇಳುತ್ತದೆ.

ಏರುವಾಗ ಹಿಂದಕ್ಕೆ ಜಗ್ಗಿದ ಆ 50 ಕಿಲೋ, ಇಳಿಯುವಾಗ ಮುಂದಕ್ಕೆ ನೂಕುತ್ತದೆ. ಬೊರಿವಲಿಯಿಂದ ದಹಿಸರ್ ದಾಟಿ ಘೋಡ್‌ಬಂದರ್ ರಸ್ತೆಯಲ್ಲಿ ಠಾಣೆಗೆ ಹೋಗುವವರು ಗಾಯ್‌ಮುಖ್ ಘಾಟಿಯ ಇಳಿಜಾರನ್ನು ನೆನೆಸಿಕೊಳ್ಳಿ. ಅಲ್ಲಿ ಎಂಜಿನ್ನಿನ ಶಕ್ತಿ ಮುಖ್ಯವಲ್ಲ, ಬ್ರೇಕಿನ ಶಕ್ತಿ ಮುಖ್ಯ. ವೇಗ 30ರಿಂದ 60 ಕಿಲೋಮೀಟರಿಗೆ ಏರಿದರೆ ಬ್ರೇಕು ನುಂಗಬೇಕಾದ ಶಕ್ತಿ ಇಮ್ಮಡಿಯಲ್ಲ, ನಾಲ್ಮಡಿ. ಭಾರ ಹೆಚ್ಚಿದಷ್ಟೂ ಅದೂ ಹೆಚ್ಚು. ಬ್ರೇಕು ಕಾಯ್ದು ಸೋತ ಮೇಲೆ ಪೆಡಲು ಎಷ್ಟು ತುಳಿದರೂ ಗಾಡಿ ನಿಲ್ಲದು. ಆದುದರಿಂದ "ಎಳೆದೀತೇ?" ಎಂದು ಕೇಳಬೇಡಿ, "ನಿಲ್ಲಿಸಲಾದೀತೇ?" ಎಂದು ಕೇಳಿ.

ಈಗ ಲೆಕ್ಕಕ್ಕೆ ಬರೋಣ. ಗಾಡಿಯ ಆರ್.ಸಿ. ಪುಸ್ತಕದಲ್ಲಿ ಎರಡು ಅಂಕಿಗಳಿರುತ್ತವೆ. ಒಂದು ಖಾಲಿ ಗಾಡಿಯ ತೂಕ. ಇನ್ನೊಂದು ಗಾಡಿ, ಜನ, ಸಾಮಾನು ಎಲ್ಲ ಸೇರಿ ಮೀರಬಾರದ ಒಟ್ಟು ತೂಕ. ಒಂದು ಸೂಕ್ಷ್ಮವನ್ನು ಗಮನಿಸಿರಿ: 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಖಾಲಿ ತೂಕದಲ್ಲಿ ಡ್ರೈವರನ ತೂಕವಾಗಲಿ ಕ್ಲೀನರನ ತೂಕವಾಗಲಿ ಸೇರಿಲ್ಲ. ಅದನ್ನು ನಾವೇ ಕೂಡಿಸಿಕೊಳ್ಳಬೇಕು.

ಉದಾಹರಣೆಗೆ, ಒಂದು ಟೆಂಪೋದ ಒಟ್ಟು ತೂಕ 2,500 ಕಿಲೋ, ಖಾಲಿ ತೂಕ 1,300 ಎಂದಿಟ್ಟುಕೊಳ್ಳೋಣ. ಉಳಿದದ್ದು 1,200. ತಲೆಗೆ 65 ಕಿಲೋದಂತೆ ಮೂವರು ಆಳುಗಳಿಗೆ 195 ಕಳೆದರೆ ಸಾಮಾನಿಗೆ ಸಿಗುವುದು 1,005 ಕಿಲೋ. ಇನ್ನು ಮದುವೆ ಮನೆಯ ಸಾಮಾನು: 50 ಕಿಲೋದ ಹತ್ತು ಮೂಟೆ ಅಕ್ಕಿ ಬೇಳೆ, 500. ಇನ್ನೂರು ಲೀಟರಿನ ಎರಡು ಡ್ರಮ್ಮು ನೀರು, 400. ಲೀಟರು ನೀರೆಂದರೆ ಒಂದು ಕಿಲೋ ಎಂಬುದನ್ನು ಮರೆಯುವವರೇ ಹೆಚ್ಚು. ಪಾತ್ರೆ, ಒಲೆಗಳು 180. ಒಟ್ಟು 1,080. ಆಗಲೇ 75 ಕಿಲೋ ಮಿತಿಮೀರಿತು. ಡ್ರಮ್ಮುಗಳನ್ನು ಖಾಲಿ ಒಯ್ದು ಅಲ್ಲಿಯೇ ನೀರು ತುಂಬಿಕೊಂಡರೆ ಸಾಮಾನು 680ಕ್ಕೆ ಇಳಿಯಿತು, ಗಾಡಿಯ ತೂಕ 2,175 ಆಯಿತು. ಗ್ಯಾಸ್ ಸಿಲಿಂಡರಿನ ವಿಷಯದಲ್ಲೂ ಎಚ್ಚರ ಬೇಕು. ಹೋಟೆಲಿನ 19 ಕಿಲೋ ಸಿಲಿಂಡರು ಎಂದರೆ ಒಳಗಿನ ಗ್ಯಾಸು ಮಾತ್ರ 19 ಕಿಲೋ. ಕಬ್ಬಿಣದ ತೂಕ ಬೇರೆ, ಅದನ್ನು ಸಿಲಿಂಡರಿನ ಮೇಲೆಯೇ ಬರೆದಿರುತ್ತಾರೆ.

ಇಷ್ಟಾದ ಮೇಲೆ ಮದುವೆಯ ಮನೆಯವರು "ಜನರೇಟರನ್ನೂ ಹಿಂದೆ ಕಟ್ಟಿಕೊಂಡು ಬಾ" ಎನ್ನುತ್ತಾರೆ. ಇಲ್ಲಿ ಇನ್ನೂ ಮೂರು ಮಿತಿಗಳು ಬರುತ್ತವೆ. ಮೊದಲನೆಯದು, ಗಾಡಿ ಎಳೆಯಬಹುದಾದ ಟ್ರೇಲರಿನ ತೂಕ. ಎರಡನೆಯದು, ಗಾಡಿ ಮತ್ತು ಟ್ರೇಲರ್ ಕೂಡಿ ಮೀರಬಾರದ ತೂಕ. ಮೂರನೆಯದು, ಕೊಂಡಿ ತಾಳುವ ತೂಕ. ಇವುಗಳನ್ನು ಗಾಡಿ ಮತ್ತು ಕೊಂಡಿ ತಯಾರಿಸಿದ ಕಂಪೆನಿಗಳ ಪುಸ್ತಕದಲ್ಲಿ ನೋಡಬೇಕು. ಮೂರರಲ್ಲಿ ಯಾವುದು ಮೊದಲು ಮುಟ್ಟುತ್ತದೆಯೋ ಅಲ್ಲಿಗೇ ನಿಲ್ಲಬೇಕು. ಎಳೆಯುವ ತೂಕವನ್ನು ಎಲ್ಲಿಯೂ ಬರೆದಿಲ್ಲವೆಂದರೆ, ಆ ಗಾಡಿ ಎಳೆಯಲು ಮಾಡಿದ್ದಲ್ಲವೆಂದೇ ತಿಳಿಯಬೇಕು.

ನಮ್ಮ ಟೆಂಪೋಗೆ ಕೂಡು ತೂಕದ ಮಿತಿ 3,000 ಎಂದಿದ್ದರೆ, 2,175 ಕಳೆದು 825 ಉಳಿಯಿತು. ಜನರೇಟರೂ ಟ್ರೇಲರೂ ಸೇರಿ 1,000 ಕಿಲೋ ಇದ್ದರೆ ಆಗದು. 700 ಇದ್ದರೆ, ಉಳಿದೆರಡು ಮಿತಿಗಳೂ ಒಪ್ಪಿದರೆ, ಆಗಬಹುದು. ಟ್ರೇಲರಿನ ತೂಕದ ಸುಮಾರು ಹತ್ತರಲ್ಲೊಂದು ಪಾಲು ಕೊಂಡಿಯ ಮೇಲೆ ಕೂತಿರಬೇಕು. ಈ 70 ಕಿಲೋ ಟೆಂಪೋದ ಹೊರೆಗೆ ಸೇರುತ್ತದೆ. 2,175 ಹೋಗಿ 2,245 ಆಯಿತು, 2,500ರ ಒಳಗೇ ಇದೆ. ಭಾರವೆಲ್ಲ ಟ್ರೇಲರಿನ ಹಿಂದಕ್ಕೆ ಬಿದ್ದರೆ ಅದು ಹಾವಿನಂತೆ ಅತ್ತಿತ್ತ ಬಡಿಯುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಹಾಗೆ. ಕೊಂಡಿಯ ಮೇಲೆ ಅತಿಯಾಗಿ ಬಿದ್ದರೆ ಮುಂದಿನ ಚಕ್ರಗಳು ಹಗುರವಾಗಿ ಸ್ಟಿಯರಿಂಗು ಮಾತು ಕೇಳದು. ಟ್ರೇಲರ್ ಬಡಿಯತೊಡಗಿದರೆ ಬ್ರೇಕನ್ನು ಒಮ್ಮೆಲೇ ಒತ್ತಬೇಡಿ. ಸ್ಟಿಯರಿಂಗನ್ನು ನೇರ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ವೇಗ ತಾನಾಗಿ ಇಳಿಯಲು ಬಿಡಿ. ಘಾಟಿ ಇಳಿಯುವ ಮೊದಲೇ ಕೆಳ ಗೇರಿಗೆ ಹಾಕಿ. ನಡುವೆ ಹಾಕುತ್ತೇನೆಂದರೆ ತಡವಾದೀತು.

ಅಂದಾಜು ಎಷ್ಟೇ ಬಲ್ಲವನದಾದರೂ ಅಂದಾಜೇ. ಸಂಶಯವಿದ್ದರೆ ಲಾರಿ ತೂಗುವ ಕಾಟಾಕ್ಕೆ ಒಯ್ದು ತೂಗಿಸಿ ಚೀಟಿ ತೆಗೆದುಕೊಳ್ಳಿ. ಅದಕ್ಕೆ ಆಗುವ ಖರ್ಚು ದಂಡದ ಮುಂದೆ ಏನೇನೂ ಅಲ್ಲ. 2019ರ ತಿದ್ದುಪಡಿಯಂತೆ ಮಿತಿಮೀರಿ ಹೇರಿದ್ದಕ್ಕೆ ಕಾಯಿದೆ ಹೇಳುವ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000. ಹೆಚ್ಚಿನ ಸಾಮಾನು ಇಳಿಸುವ ಖರ್ಚೂ ನಮ್ಮದೇ. ತೂಗಿಸಲು ಒಪ್ಪದೆ ಹೋದರೆ ದಂಡ 40,000. ಟ್ರೇಲರು ಕೂಡ ಕಾಯಿದೆಯ ಕಣ್ಣಿನಲ್ಲಿ ಒಂದು ಮೋಟಾರು ವಾಹನವೇ. ಅದಕ್ಕೂ ನೋಂದಣಿ ಬೇಕು. ವಿಮೆಯ ಪಾಲಿಸಿಯಲ್ಲಿ ಅದು ಸೇರಿದೆಯೇ ಎಂಬುದನ್ನೂ ನೋಡಿಕೊಳ್ಳಿ.

ಬಂಧುಗಳೇ, ಹೇರಿಸುವವನು ಒಬ್ಬ, ಓಡಿಸುವವನು ಒಬ್ಬ. ಆದರೆ ಅಪಘಾತವಾದಾಗ ಚಕ್ರದ ಹಿಂದೆ ಕೂತಿರುವವನು ನಮ್ಮವನೇ. ಕಾಯಿದೆಯಾದರೋ ಓಡಿಸಿದವನನ್ನು ಮಾತ್ರವಲ್ಲ, ಓಡಿಸಲು ಹೇಳಿದವನನ್ನೂ ಬಿಟ್ಟವನನ್ನೂ ಹೊಣೆ ಮಾಡಿದೆ. ಇದನ್ನು ಮಾಲಕರಿಗೆ ವಿನಯದಿಂದಲೇ, ಆದರೆ ಸ್ಪಷ್ಟವಾಗಿ ತಿಳಿಸಬೇಕು. ಒಬ್ಬ ಡ್ರೈವರ್ "ಆಗದು" ಎಂದರೆ ನಾಳೆ ಅವನ ಕೆಲಸ ಹೋದೀತು. ಎಲ್ಲರೂ ಒಂದೇ ಅಂಕಿ ಹಿಡಿದು "ಆಗದು" ಎಂದರೆ ಅದು ಹಟವಲ್ಲ, ಲೆಕ್ಕ. ಗಿರಣಿಯ ಲಿಫ್ಟಿನ ಮೇಲೆ ಇಷ್ಟೇ ತೂಕವೆಂದು ಬರೆದಿದ್ದರೆ ಯಾವ ಜಾಬರನೂ ಅದಕ್ಕೆ ವಾದ ಹೂಡುತ್ತಿರಲಿಲ್ಲ. ಹಾಗೆಯೇ ಪ್ರತಿಯೊಬ್ಬನೂ ತನ್ನ ಗಾಡಿಯ ಖಾಲಿ ತೂಕ, ಒಟ್ಟು ತೂಕ, ಎಳೆಯುವ ತೂಕ ಈ ಮೂರು ಅಂಕಿಗಳನ್ನು ದೊಡ್ಡದಾಗಿ ಬರೆದು ಕ್ಯಾಬಿನ್ನಿನಲ್ಲಿ ಅಂಟಿಸಲಿ. ಓದಲು ಬಾರದ ಹಮಾಲನಿಗೆ ಓದಿ ಹೇಳಲಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಗಾಡಿ ತಾಳುವಷ್ಟೇ ಹೇರೋಣ. ಸಾಮಾನಿಗೆ ಎರಡನೆಯ ಟ್ರಿಪ್ಪು ಉಂಟು, ಪ್ರಾಣಕ್ಕೆ ಇಲ್ಲ.