ಇಟ್ಟಿಗೆಯ ಗೋಡೆಗೆ ಕಿಟಕಿಯ ಬಣ್ಣ



ಮನೆ ಕಟ್ಟಿಸುವವರು ಬುನಾದಿ, ಗೋಡೆ, ಮಾಡು ಇವುಗಳ ವಿಷಯದಲ್ಲಿ ಹತ್ತು ಜನರನ್ನು ವಿಚಾರಿಸುತ್ತಾರೆ. ಬಾವಿ ಎಲ್ಲಿರಬೇಕು, ತಲೆಬಾಗಿಲು ಯಾವ ದಿಕ್ಕಿಗೆ ತೆರೆಯಬೇಕು ಎಂಬ ಚರ್ಚೆ ತಿಂಗಳುಗಟ್ಟಲೆ ನಡೆಯುತ್ತದೆ. ಕಿಟಕಿಯ ಹೊರಗದಗಳಿಗೆ ಯಾವ ಬಣ್ಣ ಹಚ್ಚಬೇಕೆಂಬ ಪ್ರಶ್ನೆ ಮಾತ್ರ ಕಟ್ಟಡದ ಕೊನೆಯ ವಾರಕ್ಕೆ ಉಳಿದುಬಿಡುತ್ತದೆ. ಆ ಹೊತ್ತಿಗೆ ಕೈಯಲ್ಲಿ ಹಣವೂ ಇರುವುದಿಲ್ಲ, ಮನಸ್ಸಿನಲ್ಲಿ ತಾಳ್ಮೆಯೂ ಇರುವುದಿಲ್ಲ. ಅಂಗಡಿಯವನು ಹರಡಿದ ಬಣ್ಣದ ಪಟ್ಟಿಯ ಮೇಲೆ ಬೆರಳಿಟ್ಟು "ಇದೇ ಆಗಲಿ" ಎಂದುಬಿಡುತ್ತೇವೆ. ಆ ಒಂದು ಗಳಿಗೆಯ ತೀರ್ಮಾನವನ್ನು ನಾವೂ ನಮ್ಮ ಬೀದಿಯೂ ಹಲವು ವರ್ಷ ನೋಡುತ್ತಿರಬೇಕಾಗುತ್ತದೆ.

ಗಾರೆ ಮೆತ್ತಿ ಸುಣ್ಣ ಬಳಿದ ಗೋಡೆಯಾದರೆ ಇದಕ್ಕೆ ಪರಿಹಾರ ಸುಲಭ. ಕದದ ಬಣ್ಣ ಒಪ್ಪದಿದ್ದರೆ ಮುಂದಿನ ಹಬ್ಬಕ್ಕೆ ಗೋಡೆಯ ಬಣ್ಣವನ್ನೇ ಬದಲಿಸಬಹುದು. ಬೆಂಗಳೂರಿನ ಅಠಾರಾ ಕಚೇರಿ 1868ರಲ್ಲಿ ಮುಗಿದ ಕಟ್ಟಡ. ಅದರ ಕೆಂಪು ಬಳಿದ ಕೆಂಪು, ಬೇಕಾದಾಗ ಹೊಸದಾಗಿ ಬಳಿಯುವಂತಹದು. ಬಸವನಗುಡಿ ಮಲ್ಲೇಶ್ವರಗಳ ಹಳೆಯ ಬಂಗಲೆಗಳ ಗೋಡೆಗಳೂ ಬಹುಮಟ್ಟಿಗೆ ಗಾರೆಯವೇ. ಆದರೆ ಗಾರೆ ಮೆತ್ತದೆ ಇಟ್ಟಿಗೆಯನ್ನು ಇದ್ದಂತೆಯೇ ಬಿಟ್ಟ ಮನೆಗಳು ಇತ್ತೀಚಿನ ದಶಕಗಳಲ್ಲಿ ನಮ್ಮಲ್ಲಿಯೂ ಹೆಚ್ಚಾಗಿವೆ. ಕೇರಳದಲ್ಲಿ ನೆಲಸಿ ಇಟ್ಟಿಗೆಯ ಸಹಜವಾದ ಚೆಲುವನ್ನು ಜನಕ್ಕೆ ತೋರಿಸಿಕೊಟ್ಟ ವಾಸ್ತುಶಿಲ್ಪಿ ಲಾರಿ ಬೇಕರ್ ಅವರ ಪ್ರಭಾವವೂ ಇದಕ್ಕೊಂದು ಕಾರಣ. ಹಾಲೆಂಡ್, ಇಂಗ್ಲೆಂಡ್, ಅಮೆರಿಕದ ಪೂರ್ವತೀರ, ಈ ಕಡೆಗಳಲ್ಲಿ ಬರಿಯ ಇಟ್ಟಿಗೆಯ ಮನೆ ಶತಮಾನಗಳ ಹಳೆಯ ವಾಡಿಕೆ. ಹೊರಗದಗಳಿಗೆ ಬಣ್ಣವನ್ನು ಆರಿಸುವ ಕಲೆಯೂ ಅಲ್ಲಿಯೇ ಬೆಳೆದುದು. ಆದುದರಿಂದ ಅವರ ಅನುಭವವನ್ನು ಸ್ವಲ್ಪ ಕೇಳಿ ನೋಡುವುದು ಉಚಿತ.

ಇಟ್ಟಿಗೆಯ ಬಣ್ಣ ಯಾರೂ ಹಚ್ಚಿದ್ದಲ್ಲ; ಬೆಂಕಿ ಕೊಟ್ಟದ್ದು. ಮಣ್ಣಿನಲ್ಲಿರುವ ಕಬ್ಬಿಣದ ಅಂಶವು ಗೂಡಿನ ಕಾವಿನಲ್ಲಿ ಗಾಳಿಯೊಡನೆ ಕೂಡಿ ಕೆಂಪಾಗುತ್ತದೆ. ಗಾಳಿ ಸಾಲದೆ ಹೋದರೆ ಅದೇ ಮಣ್ಣು ಕಪ್ಪು ನೀಲಿಯ ಕಡೆಗೆ ತಿರುಗುತ್ತದೆ. ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚಾಗಿದ್ದರೆ ಇಟ್ಟಿಗೆ ಹಳದಿಯಾಗುತ್ತದೆ. ಲಂಡನ್ನಿನ ಹಳೆಯ ಮನೆಗಳ ಹಳದಿ ಇಟ್ಟಿಗೆ ಈ ಬಗೆಯದು. ಹೀಗೆ "ಇಟ್ಟಿಗೆಯ ಬಣ್ಣ" ಎಂದು ಒಂದೇ ಮಾತಿನಲ್ಲಿ ಹೇಳಿದರೂ ಅದರಲ್ಲಿ ಕಿತ್ತಳೆಗೆ ಹತ್ತಿರವಾದ ಕೆಂಪು, ಕಂದು ಬೆರೆತ ಕೆಂಪು, ಹಳದಿ ಎಂದು ಮೂರು ಮುಖ್ಯ ಕುಲಗಳುಂಟು. ಒಂದೇ ಗೋಡೆಯಲ್ಲಿಯೂ ಹತ್ತು ಇಟ್ಟಿಗೆಗಳಿಗೆ ಹತ್ತು ಛಾಯೆ. ಇವುಗಳ ನಡುವೆ ಗಾರೆಯ ಗೆರೆ ಬೇರೆ: ಸುಣ್ಣದ ಗೆರೆಯಾದರೆ ಗೋಡೆ ತಿಳಿಯಾಗಿ ಕಾಣುತ್ತದೆ, ಸಿಮೆಂಟಿನ ಗೆರೆಯಾದರೆ ಮಂಕಾಗಿ ಕಾಣುತ್ತದೆ. ಕದದ ಬಣ್ಣವನ್ನು ಆರಿಸುವ ಮುನ್ನ ಮನೆಯಿಂದ ಐವತ್ತು ಅಡಿ ದೂರ ನಿಂತು, ಈ ಎಲ್ಲವೂ ಕೂಡಿ ಯಾವ ಬಣ್ಣವಾಗಿ ಕಾಣುತ್ತದೆಂಬುದನ್ನು ನೋಡಬೇಕು. ಆ ಬಣ್ಣವೇ ಮನೆಯ ಯಜಮಾನ. ಕದಗಳು ಅದರ ಮಾತನ್ನು ಕೇಳತಕ್ಕವು.

ಎರಡು ಬಣ್ಣಗಳು ಪಕ್ಕಪಕ್ಕದಲ್ಲಿ ನಿಂತಾಗ ಏನಾಗುತ್ತದೆ? ಇದನ್ನು ಶಾಸ್ತ್ರೀಯವಾಗಿ ವಿಚಾರ ಮಾಡಿದವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಷೆವ್ರೆಲ್. ಪ್ಯಾರಿಸ್ಸಿನ ಗೊಬೆಲಿನ್ ಕಾರ್ಖಾನೆಯಲ್ಲಿ ಚಿತ್ರದ ಕಂಬಳಿಗಳನ್ನು ನೇಯುತ್ತಿದ್ದರು. ಅಲ್ಲಿಯ ಬಣ್ಣದ ಕೆಲಸಕ್ಕೆ ಅವನು 1824ರಲ್ಲಿ ಮುಖ್ಯಸ್ಥನಾದನು. ಕಪ್ಪು ನೂಲು ಚೆನ್ನಾಗಿ ಕಪ್ಪಾಗುವುದಿಲ್ಲವೆಂದು ದೂರು ಬಂದಿತು. ಪರೀಕ್ಷಿಸಿ ನೋಡಿದರೆ ನೂಲಿನಲ್ಲಿ ದೋಷವಿರಲಿಲ್ಲ. ಅದರ ನೆರೆಯಲ್ಲಿದ್ದ ಬಣ್ಣಗಳು ಕಪ್ಪನ್ನು ಕಳೆಗುಂದಿಸುತ್ತಿದ್ದವು. ಒಂದು ಬಣ್ಣ ತನ್ನ ನೆರೆಯ ಬಣ್ಣದ ಮೇಲೆ ತನಗೆ ಎದುರಾದ ಬಣ್ಣದ ನೆರಳನ್ನು ಚೆಲ್ಲುತ್ತದೆಂಬ ನಿಯಮವನ್ನು ಅವನು 1839ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ನಮ್ಮ ಹೆಂಗಸರಿಗೆ ಈ ನಿಯಮ ಹೊಸದಲ್ಲ. ಸೀರೆಯ ಒಡಲಿಗೆ ಅಂಚನ್ನು ಹೊಂದಿಸುವಾಗ, ಅಂಗಡಿಯ ದೀಪವನ್ನು ನಂಬದೆ ಸೀರೆಯನ್ನು ಬೀದಿಯ ಬೆಳಕಿಗೆ ತಂದು ನೋಡುವಾಗ ಅವರು ಮಾಡುವುದು ಇದೇ ಪರೀಕ್ಷೆ.

ಈಗ ಈ ನಿಯಮವನ್ನು ನಮ್ಮ ಗೋಡೆಗೆ ಅನ್ವಯಿಸಿ ನೋಡೋಣ. ಕೆಂಪಿಗೆ ಎದುರು ಹಸಿರು. ಕೆಂಪು ಇಟ್ಟಿಗೆಯ ಪಕ್ಕದಲ್ಲಿ ಗಿಳಿಹಸಿರಿನ ಕದವನ್ನಿಟ್ಟರೆ ಗೋಡೆ ಇನ್ನೂ ಕೆಂಪಾಗುತ್ತದೆ, ಕದ ಇನ್ನೂ ಹಸಿರಾಗುತ್ತದೆ. ಎರಡೂ ಜಗಳಕ್ಕೆ ನಿಂತಂತೆ ಕಾಣುತ್ತವೆ. ಅದೇ ಹಸಿರನ್ನು ಬಲಿತ ಹಲಸಿನೆಲೆಯ ಬಣ್ಣಕ್ಕೆ ಇಳಿಸಿ, ಕಪ್ಪಿನ ಕಡೆಗೆ ಒಲಿಸಿದರೆ ಜಗಳ ನಿಂತು ಸಂವಾದ ಹುಟ್ಟುತ್ತದೆ. ಬೂದುಬಣ್ಣ ಅಂಗಡಿಯಲ್ಲಿ ನಿರ್ಲಿಪ್ತವಾಗಿ ಕಾಣುವುದಾದರೂ ಕೆಂಪು ಗೋಡೆಯ ಮಗ್ಗುಲಿಗೆ ಬಂದೊಡನೆ ಹಸಿರಿನ ಛಾಯೆಯನ್ನು ಪಡೆಯುತ್ತದೆ. ಅಚ್ಚ ಬಿಳುಪು ಗೋಡೆಯನ್ನು ಕಪ್ಪಾಗಿಸಿ ಕಿಟಕಿಗಳನ್ನು ಮಾತ್ರ ಎತ್ತಿ ತೋರಿಸುತ್ತದೆ; ಕೆನೆಯ ಬಣ್ಣವಾದರೆ ಅಷ್ಟು ತೀಕ್ಷ್ಣವಾಗುವುದಿಲ್ಲ. ಕಿತ್ತಳೆಗೆ ಎದುರು ನೀಲಿ. ಆದುದರಿಂದ ಕಿತ್ತಳೆಗೆಂಪಿನ ಇಟ್ಟಿಗೆಗೆ ತಿಳಿನೀಲಿ ಕಣ್ಣಿಗೆ ಚುಚ್ಚುತ್ತದೆ, ಇಂಡಿಗೊದಂತಹ ಗಾಢ ನೀಲಿ ಸಲ್ಲುತ್ತದೆ. ಇಟ್ಟಿಗೆಯ ಕುಲಕ್ಕೇ ಸೇರಿದ ಕಂದು ಅಥವಾ ಕೆಂಪನ್ನು ಕದಕ್ಕೆ ಹಚ್ಚುವುದಾದರೆ ಅದು ಗೋಡೆಗಿಂತ ಸ್ಪಷ್ಟವಾಗಿ ಗಾಢವಾಗಿರಬೇಕು. ಇಲ್ಲದಿದ್ದರೆ ಗೋಡೆಯನ್ನು ಅನುಕರಿಸಲು ಹೋಗಿ ಸೋತಂತೆ ಕಾಣುತ್ತದೆ.

ಇದಕ್ಕೆ ಒಂದು ಚಿತ್ರವನ್ನು ಉದಾಹರಣೆಯಾಗಿ ಕೊಡಬಹುದು. ಡಚ್ ಚಿತ್ರಕಾರ ವರ್ಮೀರ್ ಸುಮಾರು 1658ರಲ್ಲಿ ಡೆಲ್ಫ್ಟ್ ಊರಿನ ಒಂದು ಓಣಿಯ ಇಟ್ಟಿಗೆಯ ಮನೆಯನ್ನು ಚಿತ್ರಿಸಿದನು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿ ಅದನ್ನು ಈಗಲೂ ನೋಡಬಹುದು. ಹಳೆಯ ಕೆಂಪು ಕಂದು ಗೋಡೆ. ಅದರ ಕೆಳಭಾಗಕ್ಕೆ ಸುಣ್ಣ ಬಳಿದಿದೆ. ಎಡಗಡೆ ಮುಚ್ಚಿದ ಹಸಿರು ಕದಗಳು. ಬಲಗಡೆ ತೆರೆದ ಒಂದು ಕೆಂಪು ಕದ. ಚಿತ್ರದಲ್ಲಿ ಉಜ್ಜ್ವಲವಾದ ಕೆಂಪು ಅಷ್ಟೇ ಪ್ರಮಾಣದಲ್ಲಿದೆ. ಎಲ್ಲ ಕಿಟಕಿಗಳಿಗೂ ಆ ಕೆಂಪನ್ನೇ ಹಚ್ಚಿದ್ದರೆ ಆ ಮನೆಯ ಮೌನ ಕೆಟ್ಟುಹೋಗುತ್ತಿದ್ದಿತು. ಗಾಢವಾದ ಆಸೆಯೊಂದಿದ್ದರೆ ಅದನ್ನು ಒಂದು ಬಾಗಿಲಿಗೆ ಮೀಸಲಿಟ್ಟು, ಉಳಿದ ಕದಗಳನ್ನು ಶಾಂತವಾಗಿರಿಸುವುದು ಮೇಲು.

ಅಮೆರಿಕದ ಫಿಲಡೆಲ್ಫಿಯದಲ್ಲಿ ಎಲ್‌ಫ್ರೆತ್ಸ್ ಅಲಿ ಎಂಬ ಕಿರಿದಾದ ಓಣಿಯಿದೆ. ಹದಿನೆಂಟನೆಯ ಶತಮಾನದಿಂದ 1836ರವರೆಗೆ ಕಟ್ಟಿದ 32 ಮನೆಗಳು ಅಲ್ಲಿ ಸಾಲಾಗಿ ನಿಂತಿವೆ. ಆ ಊರಿನ ಹಳೆಯ ಮನೆಗಳಲ್ಲಿ ಬೀದಿಗೆ ಹತ್ತಿರವಾದ ಕೆಳಗಿನ ಕಿಟಕಿಗಳಿಗೆ ಕಳ್ಳಕಾಕರ ಭಯದಿಂದ ಗಟ್ಟಿ ಹಲಗೆಯ ಕದ, ಮೇಲಿನ ಕಿಟಕಿಗಳಿಗೆ ಗಾಳಿಯಾಡುವ ಪಟ್ಟಿಗಳ ಕದ. ಅಂದರೆ ಹೊರಗದ ಅಲಂಕಾರಕ್ಕಾಗಿ ಹುಟ್ಟಿದುದಲ್ಲ. ಬಿಸಿಲು, ಮಳೆ, ಕಳ್ಳ ಇವರಿಂದ ಕಾಯುವುದಕ್ಕಾಗಿ ಹುಟ್ಟಿದುದು. ಈಗ ಅನೇಕ ಕಡೆ ಕದಗಳನ್ನು ಮುಚ್ಚಲಾಗದಂತೆ ಗೋಡೆಗೇ ಮೊಳೆ ಹೊಡೆದು ನಿಲ್ಲಿಸುತ್ತಾರೆ. ಎರಡು ಕದ ಸೇರಿದರೂ ಕಿಟಕಿಯ ಅರ್ಧವನ್ನು ಮುಚ್ಚದಷ್ಟು ಕಿರಿದಾದ ಕದಕ್ಕೆ ಎಷ್ಟು ಒಳ್ಳೆಯ ಬಣ್ಣ ಹಚ್ಚಿದರೂ ಅದು ಸುಳ್ಳೆಂಬುದು ಕಣ್ಣಿಗೆ ತಿಳಿಯುತ್ತದೆ.

ಇಟ್ಟಿಗೆಯ ಮನೆಗೆ ಕಪ್ಪು ಕದವೇ ಸಂಪ್ರದಾಯವೆಂದು ಅನೇಕರು ನಂಬುತ್ತಾರೆ. ಇಲ್ಲಿ ಒಂದು ಸ್ವಾರಸ್ಯವಿದೆ. ತಾಮ್ರದ ಪಾತ್ರೆಯನ್ನು ಹುಣಸೆಹಣ್ಣಿನಿಂದ ಬೆಳಗದೆ ಬಿಟ್ಟರೆ ಹಸಿರು ಕಿಲುಬು ಕಟ್ಟುವುದನ್ನು ನಾವೆಲ್ಲರೂ ಬಲ್ಲೆವು. ಹದಿನೆಂಟನೆಯ ಶತಮಾನದಲ್ಲಿ ಅಂತಹ ಕಿಲುಬನ್ನೇ ತಯಾರಿಸಿ, ಅಗಸೆ ಎಣ್ಣೆಯಲ್ಲಿ ಅರೆದು ಕದಗಳಿಗೆ ಹಚ್ಚುತ್ತಿದ್ದರು. ಹಚ್ಚಿದಾಗ ಅದು ಹೊಳೆಯುವ ಹಸಿರು. ವರ್ಷಗಳು ಉರುಳಿದಂತೆ ಕಂದಾಗಿ, ಕೊನೆಗೆ ಕಪ್ಪೆನ್ನುವಷ್ಟು ಮಾಸುತ್ತಿದ್ದಿತು. ಅಜ್ಜನು ಹಚ್ಚಿದ ಹಸಿರು ಮೊಮ್ಮಗನ ಕಣ್ಣಿಗೆ ಕಪ್ಪಾಗಿ ಕಂಡರೆ, ಕಪ್ಪೇ ವಂಶದ ಪದ್ಧತಿಯೆಂದು ಅವನು ತಿಳಿಯುವುದರಲ್ಲಿ ಆಶ್ಚರ್ಯವೇನು? ದಕ್ಷಿಣ ಕ್ಯಾರೊಲಿನದ ಚಾರ್ಲ್ಸ್‌ಟನ್ ನಗರದಲ್ಲಿ ಇಂದಿಗೂ ಬಳಕೆಯಲ್ಲಿರುವ ಒಂದು ಬಣ್ಣಕ್ಕೆ ಹಸಿರೆಂದೇ ಹೆಸರು. ನೆರಳಿನಲ್ಲಿ ನೋಡಿದರೆ ಅದು ಕಪ್ಪು, ಬಿಸಿಲಿನಲ್ಲಿ ಮಾತ್ರ ಅದರ ಹಸಿರು ಹೊರಬೀಳುತ್ತದೆ. ಕೆಂಪು ಇಟ್ಟಿಗೆಗೆ ಇಷ್ಟು ಚೆನ್ನಾಗಿ ಒಪ್ಪುವ ಬಣ್ಣ ಕಡಮೆ. ಸಂಪ್ರದಾಯವನ್ನು ಗೌರವಿಸಬೇಕಾದುದೇ, ಆದರೆ ಮಾಸಿದುದನ್ನೆಲ್ಲ ಸಂಪ್ರದಾಯವೆಂದು ತಿಳಿಯಬಾರದು.

ಬಣ್ಣದ ಚರಿತ್ರೆಯಲ್ಲಿ ಚೆಲುವಿನ ಜೊತೆಗೆ ವಿಷವೂ ಇದೆ. 1775ರಲ್ಲಿ ಸ್ವೀಡನ್ನಿನ ಷೀಲೆ ಕಂಡುಹಿಡಿದ ಹಸಿರು, 1814ರಲ್ಲಿ ಜರ್ಮನಿಯಲ್ಲಿ ತಯಾರಾದ ಇನ್ನೂ ಉಜ್ಜ್ವಲವಾದ ಹಸಿರು, ಎರಡರಲ್ಲಿಯೂ ಪಾಷಾಣ ಬೆರೆತಿದ್ದಿತು. ಇವು ಬಳಕೆಯಿಂದ ಹೋದುವು. ಆದರೆ ಸೀಸ ಬಹುಕಾಲ ಉಳಿಯಿತು. ಅಮೆರಿಕದಲ್ಲಿ ಮನೆಯ ಬಣ್ಣಗಳಲ್ಲಿ ಸೀಸವನ್ನು 1978ರಲ್ಲಿ ನಿಷೇಧಿಸಿದರು. ಭಾರತದಲ್ಲಿ 2016ರ ನಿಯಮಗಳು ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದೆಂದು ವಿಧಿಸಿದವು. ಅದಕ್ಕೆ ಹಿಂದಿನ ಕಾಲದ ಕದಗಳು ನಮ್ಮ ಹಳೆಯ ಮನೆಗಳಲ್ಲಿ ಇನ್ನೂ ಇವೆ. ಹೊಸ ಬಣ್ಣದ ಉತ್ಸಾಹದಲ್ಲಿ ಅವುಗಳನ್ನು ಒಣಗಿದಂತೆಯೇ ಉಜ್ಜಿದರೆ ಏಳುವ ಧೂಳಿನಲ್ಲಿ ಸೀಸವಿರಬಹುದು. ನೆಲದಲ್ಲಿ ಆಡಿ ಕೈಯನ್ನು ಬಾಯಿಗಿಡುವ ಮಕ್ಕಳಿಗೆ ಅದು ಬುದ್ಧಿಶಕ್ತಿಯನ್ನೇ ಕುಗ್ಗಿಸುವ ವಿಷ. ಆದುದರಿಂದ ಹಳೆಯ ಕದವನ್ನು ಒದ್ದೆಮಾಡಿ ಉಜ್ಜಬೇಕು, ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರಸಬೇಕು, ಮಕ್ಕಳನ್ನೂ ಬಸುರಿಯರನ್ನೂ ದೂರವಿರಿಸಬೇಕು. ಬಣ್ಣ ಚೆನ್ನಾಗಿದೆಯೆ ಎಂಬುದಕ್ಕೆ ಮೊದಲು ಕೇಳತಕ್ಕ ಪ್ರಶ್ನೆ ಇದು.

ನಮ್ಮ ಬಿಸಿಲನ್ನೂ ಮರೆಯುವಂತಿಲ್ಲ. ಪಡುವಣ ಗೋಡೆಯ ಕದಕ್ಕೆ ಕಡುಗಪ್ಪು ಹಚ್ಚಿದರೆ ಅದು ಬಿಸಿಲನ್ನೆಲ್ಲ ಹೀರಿ ಕಾಯುತ್ತದೆ. ಮರ ಹಿಗ್ಗಿ ಕುಗ್ಗಿ ಬಣ್ಣ ಬಿರಿಯುತ್ತದೆ. ಕಣ್ಣು ಕೋರೈಸುವ ಕೆಂಪುಗಳು ಅನೇಕವೇಳೆ ಬೇಗ ಮಾಸುತ್ತವೆ. ಕಬ್ಬಿಣದ ಅಂಶದಿಂದಲೇ ಆದ ಕಾವಿ ಮಾಸುವುದು ಬಹಳ ನಿಧಾನ. ನಮ್ಮ ಕರಾವಳಿಯ ದೇವಾಲಯಗಳ ಗೋಡೆಗಳ ಮೇಲಿನ ಕಾವಿಚಿತ್ರಗಳೇ ಇದಕ್ಕೆ ಸಾಕ್ಷಿ. ಹಳದಿ ಇಟ್ಟಿಗೆಯ ಮನೆಗೆ ಗಾಢವಾದ ಕಾವಿಯ ಕದ ಬಹಳ ಸೊಗಸು.

ಕೆಲವರು ಈ ಎಲ್ಲ ತೊಡಕಿಗೂ ಒಂದು ಸುಲಭೋಪಾಯವನ್ನು ಕಂಡುಕೊಂಡಿದ್ದಾರೆ. ಕದದ ಬಣ್ಣ ಇಷ್ಟವಾಯಿತು, ಗೋಡೆ ಒಪ್ಪುವುದಿಲ್ಲ. ಗೋಡೆಗೇ ಬಣ್ಣ ಬಳಿದುಬಿಡೋಣ ಎನ್ನುತ್ತಾರೆ. ಇದನ್ನು ನಾವು ಬಲವಾಗಿ ವಿರೋಧಿಸುತ್ತೇವೆ. ಇಟ್ಟಿಗೆ ಉಸಿರಾಡುವ ವಸ್ತು. ಮಳೆಯಲ್ಲಿ ನೀರನ್ನು ಕುಡಿದು ಬಿಸಿಲಿನಲ್ಲಿ ಬಿಟ್ಟುಬಿಡುತ್ತದೆ. ಅದರ ಮುಖಕ್ಕೆ ಎಣ್ಣೆಯ ಅಥವಾ ಪ್ಲಾಸ್ಟಿಕ್ಕಿನ ಪೊರೆಯನ್ನು ಮುಚ್ಚಿದರೆ ಒಳಗಿನ ತೇವಕ್ಕೆ ದಾರಿಯಿಲ್ಲದಾಗುತ್ತದೆ. ಚಳಿಯ ದೇಶಗಳಲ್ಲಿ ಆ ತೇವ ಹೆಪ್ಪುಗಟ್ಟಿ ಇಟ್ಟಿಗೆಯ ಮುಖವನ್ನು ಸೀಳುತ್ತದೆ. ನಮ್ಮಲ್ಲಿ ಉಪ್ಪು ಪೊರೆಯ ಹಿಂದೆ ಹರಳುಗಟ್ಟಿ ಇಟ್ಟಿಗೆಯನ್ನು ಪುಡಿಮಾಡುತ್ತದೆ. ಒಮ್ಮೆ ಬಳಿದ ಬಣ್ಣವನ್ನು ಇಟ್ಟಿಗೆಗೆ ನೋವಾಗದಂತೆ ತೆಗೆಯುವುದು ಬಹುಮಟ್ಟಿಗೆ ಅಸಾಧ್ಯ. ಕದ ಒಪ್ಪದಿದ್ದರೆ ಒಂದು ಡಬ್ಬಿ ಬಣ್ಣ, ಎರಡು ದಿನದ ಕೂಲಿ. ಗೋಡೆ ಕೆಟ್ಟರೆ ಮನೆಯೇ ಕೆಟ್ಟಂತೆ. ಬಗ್ಗಬಲ್ಲದ್ದು ಬಗ್ಗಬೇಕು, ಬಗ್ಗಲಾರದ್ದನ್ನು ಬಗ್ಗಿಸಬಾರದು.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಮನೆಯ ಒಳಗೋಡೆಗಳಿಗೆ ಮನಸ್ಸಿಗೆ ಬಂದ ಬಣ್ಣ ಹಚ್ಚಿಕೊಳ್ಳಲಿ, ಯಾರೂ ಕೇಳುವಂತಿಲ್ಲ. ಆದರೆ ಹೊರಗದವನ್ನು ಮನೆಯ ಯಜಮಾನನಿಗಿಂತ ಎದುರುಮನೆಯವರೇ ಹೆಚ್ಚಾಗಿ ನೋಡುತ್ತಾರೆ. ಅವರ ಅಪ್ಪಣೆ ಬೇಕೆಂದು ನಾವು ಹೇಳುವುದಿಲ್ಲ. ಅವರ ಕಣ್ಣನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಸೌಜನ್ಯವೆಂದು ಮಾತ್ರ ಹೇಳುತ್ತೇವೆ.

ಕೊನೆಯದಾಗಿ ಆಚರಣೆಗೆ ಬರುವ ಒಂದು ಸಲಹೆ. ಕಾಗದದ ಚೂರನ್ನು ನಂಬಬೇಡಿರಿ. ಮನಸ್ಸಿಗೆ ಬಂದ ಎರಡು ಮೂರು ಬಣ್ಣಗಳನ್ನು ಎರಡಡಿ ಚೌಕದ ಹಲಗೆಗಳಿಗೆ ಹಚ್ಚಿ, ಕಿಟಕಿಯ ಪಕ್ಕದಲ್ಲಿ ಇಟ್ಟಿಗೆಗೆ ತಾಗುವಂತೆ ತೂಗಹಾಕಿರಿ. ಬೆಳಗ್ಗೆ, ನಡುಹಗಲು, ಸಂಜೆ, ಸಾಧ್ಯವಾದರೆ ಮಳೆ ಬಿದ್ದು ಗೋಡೆ ನೆನೆದಾಗ, ಬೀದಿಯ ಆಚೆ ನಿಂತು ನೋಡಿರಿ. ತುಂಬು ಬಿಸಿಲಿನಲ್ಲಿ ಬಣ್ಣಗಳು ತಿಳಿಯಾಗಿ ಕಾಣುವುದರಿಂದ, ಎರಡರಲ್ಲಿ ಯಾವುದೆಂಬ ಸಂದೇಹ ಬಂದರೆ ಹೆಚ್ಚು ಗಾಢವಾದುದನ್ನು ಆರಿಸಿರಿ. ಒಂದು ವಾರದ ಬಳಿಕ ಯಾವ ಹಲಗೆ ಅಲ್ಲಿರುವುದನ್ನೇ ನೀವು ಮರೆತಿರುವಿರೋ ಆ ಬಣ್ಣವನ್ನು ತರಿಸಿರಿ. ಅದನ್ನು ಗೋಡೆ ಆಗಲೇ ಒಪ್ಪಿಕೊಂಡಿದೆ.